ಕಾಡು ನೋಡುವವರು, ಕಾಡು ಬಿಟ್ಟುಕೊಟ್ಟವರು

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ, ಜಾಂಬೆಜಿ ಮತ್ತು ಒಕವಾಂಗೋ ನದಿಗಳ ಆಸುಪಾಸಿನಲ್ಲಿ ಹಬ್ಬಿರುವ ಅಭಯಾರಣ್ಯಗಳನ್ನು ಕಂಡುಬಂದವರು ಊರಿಗೆ ಮರಳಿದ ಮೇಲೆ ಬಣ್ಣಿಸುವ ಸಂಗತಿಗಳು ಬಹುಮಟ್ಟಿಗೆ ಒಂದೇ ಬಗೆಯವು: ನದಿ ದಾಟುವ ಆನೆಗಳ ಹಿಂಡು, ಮರಳದಿಣ್ಣೆಯ ಮೇಲೆ ಬಿಸಿಲಿಗೆ ಮೈಯೊಡ್ಡಿದ ಮೊಸಳೆ, ವಿಕ್ಟೋರಿಯಾ ಜಲಪಾತದ ತುಂತುರು, ನಸುಕಿನಲ್ಲಿ ಕೇಳಿದ ಸಿಂಹಗರ್ಜನೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಅಲ್ಪವೂ ಅಲ್ಲ. ಇಷ್ಟೊಂದು ಮೃಗಸಂಪತ್ತು ಒಂದೆಡೆ ಇಂದಿಗೂ ಉಳಿದಿದೆಯೆಂಬುದು ಮನುಷ್ಯಕುಲವೆಲ್ಲವೂ ಸಂತೋಷಪಡತಕ್ಕ ವಿಷಯ. ಆದರೆ ಆ ಕಾಡುಗಳು ಸೃಷ್ಟಿಯ ಆದಿಯಿಂದಲೂ ನಿರ್ಮಾನುಷವಾಗಿದ್ದುವೆಂಬ ಭಾವನೆಯೊಂದು ಆ ಬಣ್ಣನೆಗಳ ತಳದಲ್ಲಿ ಸದ್ದಿಲ್ಲದೆ ಸೇರಿಕೊಂಡಿರುತ್ತದೆ, ಅದು ನಿಜವಲ್ಲ. ಅಲ್ಲಿ ಜನರಿದ್ದರು, ಅವರ ಹೊಲವಿತ್ತು, ಗೋರಿಯಿತ್ತು, ಮಳೆಗಾಗಿ ಮೊರೆಯಿಡುವ ದೇವತಾಸ್ಥಾನವಿತ್ತು, ಅನೇಕ ಕಡೆಗಳಲ್ಲಿ ಅವರನ್ನು ಎಬ್ಬಿಸಿ ಕಳುಹಿಸಿದ ಬಳಿಕವೇ ಆ ನೆಲ ಪ್ರವಾಸಿಯ ಕಣ್ಣಿಗೆ ಅರಣ್ಯವಾಗಿ ತೋರಿತು. ಆದುದರಿಂದ ಆ ಅರಣ್ಯಗಳ ಆದಾಯದಲ್ಲಿಯೂ ಆಡಳಿತದಲ್ಲಿಯೂ ಮೊದಲ ಹಕ್ಕು ಆ ಜನರದೆಂದೂ, ಅದನ್ನು ಅವರಿಗೆ ಸಲ್ಲಬೇಕಾದ ಬಾಕಿಯೆಂದೇ ಎಣಿಸಿ ತೀರಿಸಬೇಕೆಂದೂ ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಕವಾಂಗೋವಿನ ವಿಚಾರ. ಅಂಗೋಲಾ ದೇಶದ ಎತ್ತರದ ನಾಡಿನಲ್ಲಿ ವರ್ಷಾರಂಭದ ತಿಂಗಳುಗಳಲ್ಲಿ ಸುರಿದ ಮಳೆ, ಕುಬಾಂಗೋ ಮತ್ತು ಕ್ವಿಟೋ ಎಂಬ ಎರಡು ಹೊಳೆಗಳಾಗಿ ಇಳಿದು, ಮುಂದೆ ಒಂದಾಗಿ, ನಮೀಬಿಯಾದ ಕಿರಿದಾದ ಪಟ್ಟಿಯೊಂದನ್ನು ಹಾದು, ಬೋಟ್ಸ್ವಾನಾದ ಕಲಹರಿ ಮರಳುನಾಡನ್ನು ಹೊಕ್ಕು, ಸಮುದ್ರದ ಮುಖವನ್ನೇ ಕಾಣದೆ ಅಲ್ಲಿಯೇ ಕವಲುಕವಲಾಗಿ ಹರಡಿ ಆವಿಯಾಗಿ ಹೋಗುತ್ತದೆ. ನೆಲ ಎಷ್ಟು ಸಮತಟ್ಟೆಂದರೆ, ನೀರು ತೆವಳಿಕೊಂಡು ಬರುವಷ್ಟರಲ್ಲಿ ತಿಂಗಳುಗಳೇ ಉರುಳಿ, ಮುಖಜಭೂಮಿಯಲ್ಲಿ ನೆರೆ ತುಂಬುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಎಂದರೆ ಅಲ್ಲಿನ ಆಕಾಶದಲ್ಲಿ ಮೋಡದ ಸುಳಿವೂ ಇಲ್ಲದ ಒಣಋತುವಿನಲ್ಲಿ. ಸುತ್ತಲ ನಾಡೆಲ್ಲ ಬಾಯಾರಿ ನಿಂತಿರುವಾಗ ಇಲ್ಲಿ ಮಾತ್ರ ನೀರು ಏರುವುದರಿಂದಲೇ ಮೃಗಗಳು ದೂರದೂರದಿಂದ ಬಂದು ನೆರೆಯುತ್ತವೆ. ಮೊಕೋರೊ ಎಂಬ ಕಿರುದೋಣಿಯಲ್ಲಿ ಕುಳಿತವನಿಗೆ ನೈದಿಲೆಯ ಎಲೆಗಳು ಮೊಣಕೈಯ ಮಟ್ಟಕ್ಕೆ ಬರುತ್ತವೆ. ಹಿಂದೆ ನಿಂತ ದೋಣಿಗಾರ ಉದ್ದನೆಯ ಕೋಲಿನಿಂದ ತಳವನ್ನು ಒತ್ತಿದಾಗಲೆಲ್ಲ ಜೊಂಡು ಎರಡೂ ಕಡೆಗೆ ಬಾಗಿ ದಾರಿ ಬಿಡುತ್ತದೆ. ಹಿಂದೆ ಇಡಿಯ ಮರವೊಂದನ್ನು ತೋಡಿ ಮಾಡುತ್ತಿದ್ದ ಈ ದೋಣಿಯನ್ನು ಈಗ ಮರಗಳನ್ನು ಉಳಿಸುವುದಕ್ಕಾಗಿ ಬಹುತೇಕ ಫೈಬರ್‌ಗ್ಲಾಸಿನಿಂದ ಮಾಡುತ್ತಾರೆ. ಅಲ್ಲಲ್ಲಿ ಕಾಣುವ ದ್ವೀಪಗಳಲ್ಲಿ ಬಹಳಷ್ಟು ಗೆದ್ದಲು ಕಟ್ಟಿದ ಹುತ್ತದಿಂದ ಹುಟ್ಟಿದವು. ನೆರೆಯ ಮಟ್ಟದಿಂದ ಮೇಲೆದ್ದ ಹುತ್ತದ ಮೇಲೆ ಹಕ್ಕಿ ಉದುರಿಸಿದ ಬೀಜ ಮರವಾಗಿ, ಆ ಮರಗಳ ಬೇರು ನೀರನ್ನು ಹೀರಿದಂತೆ ಲವಣವೆಲ್ಲ ದ್ವೀಪದ ನಡುನೆಲದಡಿ ಶೇಖರವಾಗಿ, ಹೊರಗಿನ ನೀರು ಸಿಹಿಯಾಗಿಯೇ ಉಳಿಯುತ್ತದೆ. ಅಂಥ ದ್ವೀಪದ ನಟ್ಟನಡುವೆ ಹುಲ್ಲೂ ಬೆಳೆಯದ ಬಿಳಿಯ ಬೋಳುನೆಲವನ್ನು ಕಂಡಾಗ, ಇಷ್ಟು ದೊಡ್ಡ ಜಲರಾಶಿಯನ್ನು ಇಷ್ಟು ಸಣ್ಣ ಜೀವಿಗಳೂ ಮರಗಳೂ ಕೂಡಿ ಕಾಯುತ್ತಿರುವ ಪರಿಗೆ ಬೆರಗಾಗದವರಿಲ್ಲ. 2014ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಯ 1000ನೆಯ ತಾಣವಾದದ್ದು ಯೋಗ್ಯವೇ ಸರಿ.

ಆದರೆ ಈ ನೀರಿನ ಮೇಲೆ ಮೊಕೋರೊ ನಡೆಸುವ ವಿದ್ಯೆಯನ್ನು ತಂದವರು ಬಯೇಯಿ ಜನ. ಇಲ್ಲಿನ ಮೊರೆಮಿ ಅಭಯಾರಣ್ಯವನ್ನು 1963ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಮೊದಲೇ, ಬೇಟೆಗಾರರ ಹಾವಳಿಯಿಂದ ಕಳವಳಗೊಂಡು ತಮ್ಮ ನೆಲದಲ್ಲಿ ತಾವೇ ಸ್ಥಾಪಿಸಿದವರು ಬಟವಾನ ಜನ. ಆಗ ಅವರ ರಾಜ್ಯಭಾರವನ್ನು ನಡೆಸುತ್ತಿದ್ದವಳು ಪುಲಾನೆ ಮೊರೆಮಿ ಎಂಬ ಸ್ತ್ರೀ. ಕಾಡನ್ನು ಉಳಿಸುವ ಬುದ್ಧಿ ಹೊರಗಿನಿಂದಲೇ ಬರಬೇಕೆಂದು ತಿಳಿದವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಹೀಗೆಂದಮಾತ್ರಕ್ಕೆ ಅಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲವೆಂದು ಹೇಳಲಾಗದು. ಆ ಗಡಿಯೊಳಗಿದ್ದ ಸಾನ್ ಕುಟುಂಬಗಳು ಖ್ವಾಯಿ ನದಿಯಾಚೆಗೆ ಸರಿಯಬೇಕಾಯಿತು. ದುರ್ಬಲರಲ್ಲಿ ದುರ್ಬಲರಾದವರ ಪಾಲಿಗೆ ನೆರೆಯವರ ಸದುದ್ದೇಶವೂ ಭಾರವಾಗಿ ಬೀಳುವುದುಂಟು.

ಬೋಟ್ಸ್ವಾನಾದ ಚೋಬೆ ಉದ್ಯಾನದ ಆನೆಗಳ ವಿಷಯವಾಗಿ ಎಲ್ಲರೂ ಬರೆದಿರುವುದರಿಂದ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆಗಳ ಐದು ಸರ್ಕಾರಗಳು 2011ರಲ್ಲಿ ಒಪ್ಪಂದ ಮಾಡಿಕೊಂಡು ಗಡಿಗಳಾಚೆಗೂ ವಿಸ್ತರಿಸಿದ ಸಂರಕ್ಷಿತ ವಲಯದಲ್ಲಿ, 2022ರಲ್ಲಿ ವಿಮಾನದಿಂದ ಎಣಿಸಿದಾಗ ಸುಮಾರು 2,27,900 ಆನೆಗಳಿದ್ದುವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಬೋಟ್ಸ್ವಾನಾದವು. ಅದೇ ವಲಯದಲ್ಲಿ ಜನರೂ ಬದುಕುತ್ತಿದ್ದಾರೆಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದೆ ಸಾಗುತ್ತೇನೆ.

ನನ್ನ ಮನಸ್ಸು ಬಹಳ ಹೊತ್ತು ನಿಲ್ಲುವುದು ಕರೀಬಾ ಸರೋವರದ ದಡದಲ್ಲಿ. ಜಾಂಬೆಜಿ ನದಿಗೆ ಅಡ್ಡಲಾಗಿ 1955ರಿಂದ 1959ರವರೆಗೆ ಕಟ್ಟಿದ 128 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಸುಮಾರು 280 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಈ ಜಲಾಶಯ, ಹಿಡಿದಿಡಬಲ್ಲ ನೀರಿನ ಪ್ರಮಾಣದಲ್ಲಿ ಮಾನವನಿರ್ಮಿತ ಜಲಾಶಯಗಳ ಪೈಕಿ ಪ್ರಪಂಚದಲ್ಲಿಯೇ ದೊಡ್ಡದು. ದಕ್ಷಿಣ ದಡದ ಮಟುಸಡೋನಾ ಉದ್ಯಾನದ ಬಳಿ ಮುಳುಗಿದ ಕಾಡಿನ ಮರಗಳು ಆರು ದಶಕಗಳಾದರೂ ಕೊಳೆಯದೆ, ತೊಗಟೆ ಕಳಚಿ, ಬೂದಿಬಣ್ಣಕ್ಕೆ ತಿರುಗಿ, ನೀರಿನಿಂದ ಮೇಲೆ ನಿಂತಿವೆ. ಅವುಗಳ ತುದಿಯಲ್ಲಿ ಮೀನುಹದ್ದು ಕುಳಿತಿರುತ್ತದೆ, ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿರುತ್ತವೆ. ನೀರು ಇಳಿದಾಗ ದಡದ ಕೆಸರಿನಲ್ಲಿ ಹೊಸ ಹುಲ್ಲು ಹಬ್ಬಿ, ಕಾಡೆಮ್ಮೆಗಳೂ ಆನೆಗಳೂ ಅದನ್ನು ಮೇಯಲು ಇಳಿಯುತ್ತವೆ. ದೋಣಿಮನೆಯ ಅಟ್ಟದಿಂದ ನೋಡುವ ಪ್ರವಾಸಿಗೆ ಇದಕ್ಕಿಂತ ರಮಣೀಯವಾದ ದೃಶ್ಯ ದೊರಕುವುದು ಕಷ್ಟ. ಆದರೆ ಆ ನೀರಿನ ತಳದಲ್ಲಿರುವುದು ಟೊಂಗಾ ಜನರ ಊರುಗಳು.

ನದಿಯ ಮೆಕ್ಕಲುಮಣ್ಣಿನಲ್ಲಿ ವರ್ಷಕ್ಕೆರಡು ಬೆಳೆ ತೆಗೆಯುತ್ತಿದ್ದ ಸುಮಾರು 57,000 ಮಂದಿ ಟೊಂಗಾ ಜನರನ್ನು ಆಗ ಎರಡೂ ದಡಗಳಿಂದ ಎಬ್ಬಿಸಿ, ಲಾರಿಗಳಲ್ಲಿ ತುಂಬಿ, ಕಲ್ಲುನೆಲದ ಒಣಪ್ರದೇಶಗಳಿಗೆ ಸಾಗಿಸಲಾಯಿತು. ಹೊರಡಲೊಪ್ಪದ ಒಂದು ಊರಿನವರ ಮೇಲೆ 1958ರ ಸೆಪ್ಟೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಎಂಟು ಮಂದಿ ಪ್ರಾಣ ಬಿಟ್ಟರು. ಅದೇ ವರ್ಷ ನೀರು ಏರತೊಡಗಿದ ಮೇಲೆ, ದ್ವೀಪಗಳಾಗಿ ಉಳಿದ ಬೆಟ್ಟದ ನೆತ್ತಿಗಳಲ್ಲಿ ಸಿಕ್ಕಿಬಿದ್ದ ಪ್ರಾಣಿಗಳನ್ನು ರಕ್ಷಿಸುವುದಕ್ಕಾಗಿ ರೂಪರ್ಟ್ ಫೋದರ್‌ಗಿಲ್ ಎಂಬ ಅಧಿಕಾರಿಯೂ ಅವನ ಸಂಗಡಿಗರೂ ದೋಣಿಗಳಲ್ಲಿ ಹೊರಟರು. ಖಡ್ಗಮೃಗದಿಂದ ಹಿಡಿದು ಹಾವಿನವರೆಗೆ ಸುಮಾರು 6,000 ಜೀವಿಗಳನ್ನು ಅವರು ಜೀವದ ಹಂಗು ತೊರೆದು ದಡ ಸೇರಿಸಿದರು. ಆಪರೇಷನ್ ನೋಹ ಎಂಬ ಆ ಕಾರ್ಯ ಲೋಕಪ್ರಸಿದ್ಧವಾಯಿತು. ಅವರ ಕರುಣೆಯನ್ನೂ ಸಾಹಸವನ್ನೂ ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಜಿಂಕೆಯ ಮರಿಯನ್ನು ಎತ್ತಿಕೊಂಡ ತೋಳುಗಳ ಕತೆ ಲೋಕವನ್ನೆಲ್ಲ ಸುತ್ತಿಬಂದು, ಪಿತೃಗಳ ಗೋರಿಯನ್ನು ನೀರಿಗೆ ಬಿಟ್ಟುಹೋದವರ ಕತೆ ಅವರವರ ಒಲೆಯ ಮುಂದೆಯೇ ಉಳಿದುದನ್ನು ನೆನೆದರೆ ಸಂಕಟವಾಗುತ್ತದೆ. ಟೊಂಗಾ ಜನ ನಂಬಿದ ನದೀದೇವತೆ ನ್ಯಾಮಿನ್ಯಾಮಿ, ಹಾವಿನ ಮೈಯೂ ಮೀನಿನ ತಲೆಯೂ ಉಳ್ಳದ್ದು. ಈಗ ಅದರ ರೂಪವನ್ನು ಊರುಗೋಲಿನ ಮೇಲೆ ಕೆತ್ತಿ ಪ್ರವಾಸಿಗರಿಗೆ ಮಾರುತ್ತಾರೆ. ಅಣೆಕಟ್ಟಿನಲ್ಲಿ ಹುಟ್ಟಿದ ವಿದ್ಯುತ್ತು ತಾಮ್ರದ ಗಣಿಗಳಿಗೂ ನಗರಗಳಿಗೂ ಹರಿಯಿತು. ಅದಕ್ಕಾಗಿ ನೆಲ ತೆತ್ತವರ ಹಳ್ಳಿಗಳಲ್ಲಿ ಅನೇಕವು ದಶಕಗಟ್ಟಲೆ ಕತ್ತಲೆಯಲ್ಲಿಯೇ ಉಳಿದುವು.

ಮೃಗಗಳು ಉಳಿಯಬೇಕಾದರೆ ಮನುಷ್ಯ ದೂರವಿರಲೇಬೇಕು, ಜನರ ಕೈಗೆ ಕಾಡು ಸಿಕ್ಕರೆ ಮರುದಿನವೇ ಬಯಲಾಗುತ್ತದೆ ಎಂದು ಹೇಳುವವರಿದ್ದಾರೆ. ಅವರ ಆತಂಕ ಪ್ರಾಮಾಣಿಕವಾದುದು. ಕಳ್ಳಬೇಟೆಯ ಇತಿಹಾಸವನ್ನು ಬಲ್ಲವನು ಅದನ್ನು ತಳ್ಳಿಹಾಕಲಾರ. ಆದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಉತ್ತರ ತುದಿಯಲ್ಲಿ ನಡೆದುದನ್ನು ಅವರು ಗಮನಿಸಬೇಕು. ಪಫೂರಿ ಎಂಬಲ್ಲಿ, ಲಿಂಪೋಪೋ ಮತ್ತು ಲುವುವ್ಹು ನದಿಗಳ ನಡುವೆ ವಾಸವಾಗಿದ್ದ ಮಕುಲೆಕೆ ಜನರನ್ನು 1969ರಲ್ಲಿ ವರ್ಣಭೇದದ ಸರ್ಕಾರ ಬಲಾತ್ಕಾರವಾಗಿ ಹೊರಹಾಕಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತ್ತು. 1998ರಲ್ಲಿ, ಹೊಸ ಸರ್ಕಾರದ ಕಾಲದಲ್ಲಿ, ಸುಮಾರು 24,000 ಹೆಕ್ಟೇರ್ ನೆಲ ಅವರಿಗೆ ಮರಳಿ ದೊರೆಯಿತು. ಅಲ್ಲಿ ಅವರು ಮನೆ ಕಟ್ಟಲಿಲ್ಲ, ಉಳಲಿಲ್ಲ. ತಮ್ಮ ಒಡೆತನದಲ್ಲಿಯೇ ಅದನ್ನು ಕಾಡಾಗಿ ಉಳಿಸಿ, ಪ್ರವಾಸಿಗೃಹಗಳಿಗೆ ಗುತ್ತಿಗೆ ಕೊಟ್ಟು, ಉದ್ಯಾನದವರೊಡನೆ ಆಡಳಿತವನ್ನು ಹಂಚಿಕೊಂಡರು. ಕಾಡಿನ ಮೇಲೆ ಹಕ್ಕುಳ್ಳವನಿಗೆ ಅದನ್ನು ಕಾಯುವ ಕಾರಣವೂ ಇರುತ್ತದೆಯೆಂಬುದಕ್ಕೆ ನಾನು ಬೇರೆ ಸಾಕ್ಷಿಯನ್ನು ಹುಡುಕಲಾರೆ.

ಕಾಡಿನಂಚಿನ ರೈತನ ದಿನಚರಿಯನ್ನೂ ನೆನೆಯಬೇಕು. ಜೋಳ ತೆನೆಗಟ್ಟುವ ಕಾಲಕ್ಕೆ ಆನೆ ಬರುತ್ತದೆ. ಒಂದು ರಾತ್ರಿಯಲ್ಲಿ ಒಂದು ವರ್ಷದ ಅನ್ನ ಹೋಗುತ್ತದೆ. ಆನೆಯ ಲದ್ದಿಗೆ ಮೆಣಸಿನಪುಡಿ ಬೆರೆಸಿ ತಟ್ಟಿ ಒಣಗಿಸಿದ ಇಟ್ಟಿಗೆಗಳನ್ನು ಹೊಲದ ಬದುವಿನಲ್ಲಿ ಹೊತ್ತಿಸಿ, ಆ ಖಾರದ ಹೊಗೆಯಲ್ಲಿ ತಾನೂ ಕೆಮ್ಮುತ್ತಾ ಬೆಳಗಿನವರೆಗೆ ಕಾವಲಿರುವುದು ಅಲ್ಲಿ ಅನೇಕರ ಪದ್ಧತಿ. 2024ರ ಬರಗಾಲದಲ್ಲಿ ಜೋಳ ಒಣಗಿಹೋದಾಗ ನಮೀಬಿಯಾ ಸರ್ಕಾರ 723 ಕಾಡುಪ್ರಾಣಿಗಳನ್ನು ಕೊಂದು ಮಾಂಸ ಹಂಚಲು ತೀರ್ಮಾನಿಸಿತು. ದೂರದೇಶಗಳಲ್ಲಿ ಅದನ್ನು ಖಂಡಿಸಿದವರು ಬಹಳ ಮಂದಿ. ನನಗೂ ಆ ಸುದ್ದಿ ನೋವು ತಂದಿತು. ಆದರೆ ಆನೆಯ ನೆರೆಯಲ್ಲಿ ಒಂದು ರಾತ್ರಿಯನ್ನೂ ಕಳೆಯದವರು ಹಸಿದವರಿಗೆ ಧರ್ಮಬೋಧೆ ಮಾಡುವ ಮೊದಲು ತಡೆದು ಯೋಚಿಸಬೇಕಾಗಿತ್ತು.

ಹಾಗೆಂದು ಹಂಚಿಕೆಯ ಹೆಸರಿನಲ್ಲಿ ನಡೆದುದೆಲ್ಲವೂ ನ್ಯಾಯವಾಗಿತ್ತೆಂದಲ್ಲ. ಜಿಂಬಾಬ್ವೆಯಲ್ಲಿ 1989ರಲ್ಲಿ ಆರಂಭವಾದ ಯೋಜನೆಯೊಂದು ವನ್ಯಮೃಗಗಳಿಂದ ಬರುವ ಹಣವನ್ನು ಸ್ಥಳೀಯರಿಗೆ ಕೊಡಲೆಂದೇ ಹೊರಟಿತು. ಅದನ್ನು ಮೊದಲು ಕೈಗೊಂಡ ಜಿಲ್ಲೆಗಳಲ್ಲಿ ಕರೀಬಾದ ದಡದ್ದೂ ಒಂದು. ಆದರೆ ಹಣದ ಅಧಿಕಾರ ಜಿಲ್ಲಾ ಮಂಡಲಿಯ ಕೈಯಲ್ಲಿ ನಿಂತುದರಿಂದ ಮನೆಯ ಬಾಗಿಲಿಗೆ ತಲಪಿದ ಪಾಲು ಎಷ್ಟೋ ಕಡೆ ತೀರ ಸ್ವಲ್ಪ. ಇನ್ನು ನಡುಕಲಹರಿಯ ಅಭಯಾರಣ್ಯದಿಂದ ಹೊರಹಾಕಲ್ಪಟ್ಟ ಸಾನ್ ಜನ 2006ರಲ್ಲಿ ಬೋಟ್ಸ್ವಾನಾದ ಉಚ್ಚ ನ್ಯಾಯಾಲಯದಲ್ಲಿ ಗೆದ್ದು ಮರಳಿದರೂ, ಸರ್ಕಾರ ಮುಚ್ಚಿಸಿದ್ದ ಕೊಳವೆಬಾವಿಯ ನೀರಿಗಾಗಿ ಮತ್ತೆ ವ್ಯಾಜ್ಯ ಹೂಡಿ 2011ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅದೇ ಅಭಯಾರಣ್ಯದೊಳಗೆ ಪ್ರವಾಸಿಗಳಿಗಾಗಿ ಈಜುಕೊಳವಿರುವ ಬಿಡಾರವೊಂದು ತೆರೆದಿತ್ತು.

ಆದುದರಿಂದ ಪ್ರವೇಶಶುಲ್ಕದ ಚೀಟಿಯಲ್ಲಿಯೇ ಯಾವ ಊರಿಗೆ ಎಷ್ಟು ಪಾಲೆಂಬುದನ್ನು ಮುದ್ರಿಸಬೇಕು. ಆ ಪಾಲು ಊರಸಭೆಯ ಲೆಕ್ಕಕ್ಕೇ ನೇರವಾಗಿ ಸೇರಬೇಕು. ಉದ್ಯಾನದ ಆಡಳಿತಮಂಡಲಿಯಲ್ಲಿ ಅಲ್ಲಿಂದ ಎದ್ದುಹೋದವರ ಮಕ್ಕಳು ಮತಾಧಿಕಾರದೊಡನೆ ಕುಳಿತಿರಬೇಕು. ಇಲ್ಲಿಂದ ಹೊರಡುವ ನಮ್ಮವರೂ, ಯಾವ ಋತುವಿನಲ್ಲಿ ಸಿಂಹ ಕಾಣುತ್ತದೆಂದು ಪ್ರವಾಸದ ಏರ್ಪಾಡಿನವರನ್ನು ವಿಚಾರಿಸುವಾಗ, ತಾವು ಇಳಿಯಲಿರುವ ಬಿಡಾರದ ನೆಲ ಯಾರದು, ಅದರ ಗುತ್ತಿಗೆಯ ಹಣ ಯಾರ ಕೈ ಸೇರುತ್ತದೆ ಎಂಬುದನ್ನೂ ವಿಚಾರಿಸಿ, ಉತ್ತರ ಸಿಗದ ಕಡೆ ಮುಂಗಡ ಕೊಡದಿರಬೇಕು.