ಜೀವವಿಕಾಸವಿಲ್ಲದ ಹವಾಮಾನ ಪಾಠ

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ೨೦೨೩ರಲ್ಲಿ ಹೊರಡಿಸಿದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ'ವೆಂಬ ಅಧ್ಯಾಯವು ಬರಿಯ 'ಅನುವಂಶೀಯತೆ'ಯಾಗಿ ಉಳಿಯಿತು. ಸಾಂಕ್ರಾಮಿಕದ ದಿನಗಳಲ್ಲಿ ಮಕ್ಕಳ ಹೊರೆಯನ್ನಿಳಿಸಲು ಮಾಡಿದ ಏರ್ಪಾಡಿದೆಂದೂ, ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ವಿಷಯವು ಇದ್ದೇ ಇರುವುದೆಂದೂ ಅಧಿಕಾರಿವರ್ಗವು ಸಮಾಧಾನ ಹೇಳಿತು. ೧,೮೦೦ಕ್ಕೂ ಮಿಕ್ಕಿದ ವಿಜ್ಞಾನಿಗಳೂ ಅಧ್ಯಾಪಕರೂ ಇತರರೂ ಆ ವರ್ಷದ ಏಪ್ರಿಲಿನಲ್ಲಿ ಬಹಿರಂಗ ಪತ್ರಕ್ಕೆ ಸಹಿ ಹಾಕಿ ತಮ್ಮ ವಿರೋಧವನ್ನು ವ್ಯಕ್ತಪಡಿಸಿದರು. ಈ ವಿವಾದದ ಒಂದು ಮುಖವನ್ನು ನಾವು ವಾಚಕರ ಮುಂದಿಡಬಯಸುತ್ತೇವೆ.

ಹೊರೆಯು ಇಳಿಯಬೇಕೆಂಬುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಹೊರೆಯಿಳಿಸುವ ಭರದಲ್ಲಿ ದಾರಿಯ ಬುತ್ತಿಯನ್ನೇ ಎಸೆದುಬಿಡುವುದು ವಿವೇಕವಲ್ಲ. ಹತ್ತನೆಯ ತರಗತಿಯ ತರುವಾಯ ಕೆಲವರು ಶಾಲೆಯನ್ನು ಬಿಡುವರು. ಕೆಲವರು ವಾಣಿಜ್ಯವನ್ನೋ ಕಲೆಯನ್ನೋ ಹಿಡಿಯುವರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರವು ಇವರಾರನ್ನೂ ಮುಟ್ಟುವುದಿಲ್ಲ. ನಾಳೆ ಬೇಸಾಯಗಾರರೂ ಗುಮಾಸ್ತರೂ ಅಮಲ್ದಾರರೂ ಶಾಸನಸಭೆಯ ಸದಸ್ಯರೂ ಆಗತಕ್ಕವರು ಇವರೇ ಅಲ್ಲವೇ?

ಹವಾಮಾನವು ಬದಲಾಗುತ್ತಿದೆಯೆಂದು ಮಕ್ಕಳಿಗೆ ಇಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಪ್ರಾಣಿ ಸಸ್ಯಗಳ ಗತಿಯೇನೆಂದು ಮಗುವು ಕೇಳಿದರೆ 'ಅವು ಹೊಂದಿಕೊಳ್ಳುತ್ತವೆ' ಎಂಬ ಉತ್ತರವು ಸಿದ್ಧವಾಗಿರುತ್ತದೆ. ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಬಿಸಿಲಿಗೆ ನಮ್ಮ ಮೈ ಬೆವರುವುದು ಒಂದು. ಅದು ಆ ದೇಹದೊಡನೆಯೇ ಮುಗಿಯುವುದು. ತಲೆಮಾರಿನಿಂದ ತಲೆಮಾರಿಗೆ ಒಂದು ಕುಲದ ಗುಣವೇ ಮಾರ್ಪಡುವುದು ಮತ್ತೊಂದು, ಜೀವವಿಕಾಸವೆಂದರೆ ಇದೇ. ಇಲ್ಲಿ ಯಾವ ಜೀವಿಯೂ ತಾನಾಗಿ ಬಯಸಿ ಬದಲಾಗುವುದಿಲ್ಲ. ಕುಲದಲ್ಲಿ ಮೊದಲೇ ಇರುವ ಭಿನ್ನತೆಗಳಲ್ಲಿ ಕಾಲಕ್ಕೆ ಒದಗುವಂಥವು ಹೆಚ್ಚು ಸಂತತಿಯನ್ನು ಪಡೆದು ಉಳಿಯುತ್ತವೆ, ಮಿಕ್ಕವು ಕ್ಷೀಣಿಸುತ್ತವೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಕಾಡು ಸಾಸಿವೆಯು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ೨೦೦೦ದಿಂದ ೨೦೦೪ರವರೆಗೆ ಅನಾವೃಷ್ಟಿಯುಂಟಾಯಿತು. ೧೯೯೭ರಲ್ಲಿ ಕೂಡಿಸಿಟ್ಟಿದ್ದ ಬೀಜದ ಸಂತತಿಯನ್ನೂ ೨೦೦೪ರಲ್ಲಿ ತಂದ ಬೀಜದ ಸಂತತಿಯನ್ನೂ ಸಂಶೋಧಕರು ಒಂದೇ ಬಗೆಯ ಆರೈಕೆಯಲ್ಲಿ ಬೆಳೆಸಿ ನೋಡಿದರು. ಬರವನ್ನು ದಾಟಿ ಬಂದ ಕುಲದ ಗಿಡಗಳು ಮುಂಚಿತವಾಗಿ ಹೂಬಿಟ್ಟವು. ತೇವವಾರುವ ಮುನ್ನವೇ ಕಾಯಿಕಟ್ಟಿದ ಗಿಡಗಳ ಸಂತಾನವೇ ಹೆಚ್ಚಾಗಿ ಉಳಿದುದು ಇದಕ್ಕೆ ಕಾರಣ. ಅಧ್ಯಯನವು ೨೦೦೭ರಲ್ಲಿ ಪ್ರಕಟವಾಯಿತು. ಜೀವವಿಕಾಸಕ್ಕೆ ಲಕ್ಷಾಂತರ ವರ್ಷಗಳೇ ಬೇಕೆಂದು ನಂಬಿದವರು ಇದನ್ನು ಗಮನಿಸಬೇಕು.

ಆದರೆ ಪ್ರಕೃತಿಯೇ ಎಲ್ಲವನ್ನೂ ಸರಿಪಡಿಸಿಕೊಳ್ಳುವುದೆಂದು ಇದರಿಂದ ನೆಮ್ಮದಿಗೊಳ್ಳುವಂತಿಲ್ಲ. ಸಾಸಿವೆಗೆ ವರ್ಷಕ್ಕೊಂದು ತಲೆಮಾರು. ಕಾಡಿನ ಹೆಮ್ಮರಕ್ಕೆ ಅದೇ ಹಲವು ದಶಕಗಳು. ಕುಲದಲ್ಲಿ ತಕ್ಕ ಭಿನ್ನತೆಯೇ ಇಲ್ಲದಿದ್ದರೆ ಆಯ್ಕೆಗೆ ಆಸ್ಪದವೆಲ್ಲಿ? ಆಸ್ಟ್ರೇಲಿಯಾದ ಉತ್ತರದ ಬ್ರ್ಯಾಂಬಲ್ ಕೇ ಎಂಬ ಪುಟ್ಟ ದ್ವೀಪದಲ್ಲಿ ಮಾತ್ರ ಕಂಡುಬಂದಿದ್ದ ಮೆಲೊಮಿಸ್ ಎಂಬ ಇಲಿಯ ಕುಲಕ್ಕೆ ಅಂಥ ಅವಕಾಶವು ದೊರೆಯಲೇ ಇಲ್ಲ. ಸಮುದ್ರದ ನೀರು ಮತ್ತೆ ಮತ್ತೆ ಏರಿ ಅದರ ಮೇವಿನ ಸಸ್ಯಗಳನ್ನು ಹಾಳುಗೆಡವಿತು. ಅದು ನಿರ್ವಂಶವಾಯಿತೆಂದು ಅಲ್ಲಿಯ ಸರಕಾರವು ೨೦೧೯ರಲ್ಲಿ ಸಾರಿತು. ಯಾವ ಜೀವಿಯು ಉಳಿದೀತು, ಯಾವುದು ಅಳಿದೀತು, ಅದೇಕೆ ಎಂಬ ವಿಚಾರವು ಜೀವವಿಕಾಸದ ತಿಳಿವಿಲ್ಲದೆ ಕುರುಡಾಗುವುದು. ಯಾವ ಕಾಡನ್ನು ಕಾಯಬೇಕು, ಯಾವ ಬೀಜವನ್ನು ಕಾಪಿಡಬೇಕೆಂದು ತೀರ್ಮಾನಿಸುವವರಿಗೆ ಈ ಕುರುಡುತನವು ಸಲ್ಲದು.

ಈ ಪಾಠಕ್ಕೆ ದುಬಾರಿಯಾದ ಪ್ರಯೋಗಶಾಲೆಯೇನೂ ಬೇಕಿಲ್ಲ. ಡಾರ್ವಿನ್ ಮಹಾಶಯನು ೧೮೫೯ರ ತನ್ನ ಗ್ರಂಥದಲ್ಲಿ ಮೊದಲು ವಿಚಾರಿಸಿದ್ದು ಮನುಷ್ಯನು ಸಾಕಿದ ಪ್ರಾಣಿಗಳನ್ನೂ ಬೆಳೆಸಿದ ಸಸ್ಯಗಳನ್ನೂ ಕುರಿತೇ. ಒಳ್ಳೆಯ ತೆನೆಯನ್ನಾರಿಸಿ ಬಿತ್ತನೆಗೆ ಎತ್ತಿಡುವ ನಮ್ಮ ರಾಗಿಯ ಹೊಲದಿಂದಲೂ ಉಪಾಧ್ಯಾಯರು ಪಾಠವನ್ನು ಪ್ರಾರಂಭಿಸಬಹುದು. ಅಲ್ಲಿ ಆರಿಸುವವನು ರೈತ. ಕ್ಯಾಲಿಫೋರ್ನಿಯಾದಲ್ಲಿ ಆರಿಸಿದ್ದು ಬರ. ಇಷ್ಟನ್ನು ಗ್ರಹಿಸುವ ಶಕ್ತಿಯು ಹದಿನೈದು ವರ್ಷದ ಮಕ್ಕಳಿಗೆ ಧಾರಾಳವಾಗಿ ಇದೆ.

ಪಠ್ಯಪುಸ್ತಕಗಳನ್ನು ರಚಿಸುವ ಹೊಣೆ ಹೊತ್ತವರು ಜೀವವಿಕಾಸವನ್ನು ಹತ್ತನೆಯ ತರಗತಿಯೊಳಗಾಗಿ ಎಲ್ಲ ಮಕ್ಕಳಿಗೂ, ಹವಾಮಾನದ ಪಾಠದೊಡನೆ ಜೋಡಿಸಿ, ತಿಳಿಯಾದ ದೇಶಭಾಷೆಯಲ್ಲಿ ಒದಗಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಬದಲಾದ ಹವಾಮಾನದಲ್ಲಿ ಬಾಳತಕ್ಕವರು ಅವರೇ ಆದುದರಿಂದ, ಅದನ್ನು ತಿಳಿಯುವ ಹಕ್ಕೂ ಅವರದೇ.