ವಿಕಾಸವಾದವೂ ಉಪಾಧ್ಯಾಯರ ಶಿಕ್ಷಣವೂ

ಪ್ರೌಢಶಾಲೆಯಲ್ಲಿ ವಿಕಾಸವಾದವನ್ನು ಬೋಧಿಸುವುದಕ್ಕೆ ಉಪಾಧ್ಯಾಯರಿಗೆ ಪ್ರತ್ಯೇಕ ಶಿಕ್ಷಣವೇತಕ್ಕೆಂದು ಕೇಳುವವರುಂಟು. ಮತ್ಸ್ಯ, ಕೂರ್ಮ, ವರಾಹ, ನರಸಿಂಹರ ಕ್ರಮವೇ ಡಾರ್ವಿನ್ನನ ಮತವಲ್ಲವೆ, ಅಷ್ಟನ್ನು ಹೇಳಿದರೆ ಸಾಲದೆ ಎಂಬುದು ಅವರ ಪೂರ್ವಪಕ್ಷ.

ಇದು ಎರಡಕ್ಕೂ ಅಪಚಾರ. ಅವತಾರವೆಂದರೆ ಧರ್ಮರಕ್ಷಣೆಗಾಗಿ ಭಗವಂತನು ಸ್ವೇಚ್ಛೆಯಿಂದ ಇಳಿದುಬರುವುದು. ೧೮೫೯ರಲ್ಲಿ ಡಾರ್ವಿನ್ನನು ಪ್ರತಿಪಾದಿಸಿದ ನಿಸರ್ಗದ ಆಯ್ಕೆಯಲ್ಲಿಯಾದರೋ ಉದ್ದೇಶಕ್ಕೆ ಎಡೆಯೇ ಇಲ್ಲ. ಸಂತತಿಯಲ್ಲಿ ಭೇದಗಳು ಹುಟ್ಟುತ್ತವೆ. ಸನ್ನಿವೇಶಕ್ಕೆ ಒಗ್ಗಿದ ಜೀವಿಗಳ ಪೀಳಿಗೆ ಹೆಚ್ಚುತ್ತದೆ. ಇಂದಿನ ಕೋತಿ ಮನುಷ್ಯನಾಗಲಿಲ್ಲ. ಇಬ್ಬರಿಗೂ ಪೂರ್ವಜರು ಸಮಾನರು. ಇದನ್ನು ವಿಂಗಡಿಸಿ ಹೇಳಲಾರದ ಉಪಾಧ್ಯಾಯನು ಪುರಾಣವನ್ನೂ ಕೆಡಿಸುವನು, ವಿಜ್ಞಾನವನ್ನೂ ಕೆಡಿಸುವನು.

ಪಾಠವನ್ನೇ ತೆಗೆದರೆ ತೊಡಕು ಕಳೆಯಿತೆಂಬುದು ಇನ್ನೊಂದು ಪಕ್ಷ. ೨೦೨೩ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನಪುಸ್ತಕದಿಂದ ಜೀವವಿಕಾಸವನ್ನು ಕೈಬಿಟ್ಟು, ಅನುವಂಶೀಯತೆಯನ್ನಷ್ಟೇ ಉಳಿಸಿದರು. ಮಕ್ಕಳ ಹೊರೆ ತಗ್ಗಿಸುವುದು ಕಾರಣವೆಂದರು. ೧೮೦೦ಕ್ಕೂ ಮಿಕ್ಕ ವಿಜ್ಞಾನಿಗಳೂ ಅಧ್ಯಾಪಕರೂ ಸಹಿಮಾಡಿ ಆಕ್ಷೇಪಿಸಿದರು. ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಳ್ಳುವುದು ಚಿಕಿತ್ಸೆಯೆ? ಮುಂದೆ ಜೀವಶಾಸ್ತ್ರವನ್ನು ಆರಿಸದ ಬಾಲಕನು ಈ ವಿಷಯವನ್ನು ಕೇಳುವುದು ಎಲ್ಲಿ?

ಹರಿಹರದ ಸಮೀಪದ ಕೊಂಡಜ್ಜಿಯಲ್ಲಿ ಕೆರೆಯ ಬಳಿ ಸ್ಕೌಟು ತರಬೇತಿಯ ಕೇಂದ್ರವಿದೆ. ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸುವವನಿಗೂ ಶಿಬಿರ ಬೇಕೆಂದು ಒಪ್ಪುವ ನಾಡು, ಜೀವಕೋಟಿಯ ಚರಿತ್ರೆಯನ್ನು ಕಲಿಸುವವನಿಗೆ ಬೇಡವೆನ್ನಬಹುದೆ? ಅಂತಹ ಕೆರೆಯ ದಡದಲ್ಲಿಯೇ ಉಪಾಧ್ಯಾಯರು ಕೂಡಲಿ. ಹಕ್ಕಿಗಳ ಕೊಕ್ಕಿನ ಭೇದವನ್ನು ಕಣ್ಣಾರೆ ನೋಡಲಿ. ಬಾವಲಿಯ ರೆಕ್ಕೆಯ ಮೂಳೆಗಳನ್ನು ತಮ್ಮ ತೋಳಿನ ಮೂಳೆಗಳೊಡನೆ ಹೋಲಿಸಲಿ. ಶಿಷ್ಯರು ಕೇಳಬಹುದಾದ ಪ್ರಶ್ನೆಗಳನ್ನು ತಾವೇ ಪರಸ್ಪರ ಕೇಳಿ ವಾದಿಸಲಿ. ಮೊದಲು ಗುರುವಿಗೆ ಪಾಠವಾಗಲಿ. ಆಮೇಲೆ ಶಿಷ್ಯನ ಪ್ರಶ್ನೆಗೆ ಅಂಜಿ ಪುಸ್ತಕದ ಹಾಳೆ ಕೀಳಬೇಕಾಗುವುದಿಲ್ಲ.