ಮಗುಚದ ಬಟ್ಟಲು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಲೆಬೆನ್ನೂರಿನ ತಂಗಿಯ ಮನೆಯಲ್ಲಿದ್ದೆ. ಏಳನೇ ತರಗತಿಯ ಅಳಿಯ ಪರೀಕ್ಷೆ ಬರೆದು ಬಂದವನೇ ಪ್ರಶ್ನೆಪತ್ರಿಕೆಯ ಸುದ್ದಿ ಎತ್ತದೆ ಹಿತ್ತಿಲಿನ ಗೂಡಿಗೆ ಓಡಿದ. ಅಲ್ಲಿಂದಲೇ ಕೂಗಿದ: "ಮಾವಾ, ಬಾ ಇಲ್ಲಿ! ಬೆಳಗ್ಗೆ ತುಂಬ್ಸಿಟ್ಟೇ ಹೋಗಿದ್ದೆ, ಮತ್ತೆ ಚೆಲ್ಲಿಬಿಟ್ಟೈತಿ."

ಸ್ಟೀಲ್ ಬಟ್ಟಲು ಬೋರಲಾಗಿ ಬಿದ್ದಿತ್ತು. ಮೊಲ ಮೂಲೆಯಲ್ಲಿ ಮುದುರಿ ಕೂತಿತ್ತು. ಬೆಳಗ್ಗೆ ಹಾಕಿದ ಹುಲ್ಲು ಹಾಗೇ ಇತ್ತು. ಊರ ಸುತ್ತ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು. ಹಿತ್ತಿಲಲ್ಲಿ ಬಾಯಾರಿದ ಒಂದು ಜೀವ. ಭಾರದ ಪಿಂಗಾಣಿ ಬಟ್ಟಲಲ್ಲಿ ನೀರಿಟ್ಟೆವು. ಎಷ್ಟೋ ಹೊತ್ತು ತಲೆ ಎತ್ತದೆ ಕುಡಿಯಿತು. ಸಂಜೆಗೆ ಹುಲ್ಲು ಮುಟ್ಟಿದ ಮೇಲೇ ಹುಡುಗ ಊಟಕ್ಕೆ ಕೂತದ್ದು.

ಇದು ಅತಿಯಾಯಿತು ಎನ್ನುವ ಪಾಲಕರಿಗೆ ಒಂದು ಮಾತು. ಮೊಲಕ್ಕೆ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ; ಶಾಖ ಹೊರಹೋಗುವುದು ಹೆಚ್ಚಾಗಿ ಆ ಉದ್ದ ಕಿವಿಗಳಿಂದ. ನೀರು ತಪ್ಪಿದರೆ ಅದು ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನವಾಗುತ್ತದೆ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಎನ್ನದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸಾಧಾರಣವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 100 ಮಿಲಿಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಎರಡು ಕಿಲೋ ಮೊಲಕ್ಕೆ ಅರ್ಧ ಲೀಟರ್ ಹಿಡಿಯುವ ಬಟ್ಟಲಿದ್ದರೆ ನಿಶ್ಚಿಂತೆ.

ಹಾಗಾದರೆ ಸೀಸೆ ನೇತುಹಾಕಿದರಾಯಿತು ಎನ್ನುತ್ತೀರಿ. ಕೊಳವೆಯ ತುದಿಯ ಗುಂಡನ್ನು ನೆಕ್ಕಿದಾಗ ಹನಿಹನಿಯಾಗಿ ನೀರು ಬರುವ ಆ ಸೀಸೆ ಚೆಲ್ಲುವುದಿಲ್ಲ, ನಿಜ. ಆದರೆ ಜ್ಯೂರಿಕ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡನ್ನೂ ಇಟ್ಟಾಗ ಮೊಲಗಳು ತೆರೆದ ಬಟ್ಟಲಿನ ಕಡೆಗೇ ಹೆಚ್ಚು ಒಲಿದವು. ಗುಂಡು ಸಿಕ್ಕಿಕೊಂಡರೆ ಸೀಸೆ ತುಂಬಿದ್ದೂ ಮೊಲ ಬಾಯಾರಬಹುದು. ಸೀಸೆ ಜೊತೆಗಿರಲಿ, ಬಟ್ಟಲಿನ ಬದಲಿಗೆ ಬೇಡ.

ಬಟ್ಟಲು ಮಗುಚುವುದೇಕೆ? ಮೊಲ ಅಂಚಿನ ಮೇಲೆ ಮುಂಗಾಲಿಡುತ್ತದೆ. ಬೇಸರವಾದರೆ ಅಂಚನ್ನು ಹಲ್ಲಲ್ಲಿ ಕಚ್ಚಿ ಎಸೆಯುತ್ತದೆ. ಅಡುಗೆಮನೆಯ ಸ್ಟೀಲ್ ಬಟ್ಟಲು ಹಗುರ, ಬಾಯಿ ಅಗಲ, ತಳ ಕಿರಿದು, ಅಂಚು ಹೊರಕ್ಕೆ ಮಡಿಸಿದ್ದು. ಕಚ್ಚಲೆಂದೇ ಮಾಡಿದಂತಿದೆ! ವಿಜ್ಞಾನ ಪುಸ್ತಕದ ಗುರುತ್ವ ಕೇಂದ್ರ ನೆನಪಿದೆಯಲ್ಲ? ಅದರಿಂದ ನೇರ ಕೆಳಕ್ಕೆಳೆದ ಗೆರೆ ತಳದೊಳಗೆ ಬೀಳುವವರೆಗೆ ಪಾತ್ರೆ ವಾಲಿದರೂ ಮತ್ತೆ ನಿಲ್ಲುತ್ತದೆ. ಆದ್ದರಿಂದ ತಳ ಬಾಯಿಗಿಂತ ಅಗಲ, ಗೋಡೆ ದಪ್ಪ, ಎತ್ತರ ಕಡಿಮೆ ಇರಬೇಕು. ಕೊಳ್ಳುವ ಮೊದಲು ಅಂಗಡಿಯಲ್ಲೇ ಅಂಚಿನ ಒಂದು ಕಡೆ ಎರಡು ಬೆರಳಿಂದ ಬಲವಾಗಿ ಒತ್ತಿ ನೋಡಿ. ಖಾಲಿ ಬಟ್ಟಲೇ ಏಳದಿದ್ದರೆ ಅದು ಆದೀತು.

ತೇಲುವ ತಟ್ಟೆ ಇರುವ, 'ಚೆಲ್ಲುವುದಿಲ್ಲ' ಎಂದು ಮಾರುವ ಪ್ಲಾಸ್ಟಿಕ್ ಬಟ್ಟಲುಗಳೂ ಬಂದಿವೆ. ನೀರು ತುಳುಕುವುದು ಕಡಿಮೆ. ಗದ್ದದ ಕೆಳಗಿನ ಜೋಲು ಚರ್ಮವೂ ಅಷ್ಟು ನೆನೆಯದು. ಆದರೆ ಮೊಲ ಪ್ಲಾಸ್ಟಿಕ್ಕನ್ನು ಕಡಿಯುತ್ತದೆ, ತಟ್ಟೆಯಡಿ ಲೋಳೆ ಕಟ್ಟುತ್ತದೆ. ನನಗೆ ಅಷ್ಟೇನೂ ಮನಸ್ಸಿಗೆ ಬರಲಿಲ್ಲ. ಸರಳಿನ ಗೂಡಾದರೆ ಕೊಂಡಿಯಿಂದ ಬಿಗಿಯುವ ಸ್ಟೀಲ್ ಬಟ್ಟಲು ಒಳ್ಳೆಯದು.

ನಮಗೆ ಅಷ್ಟೂ ಬೇಕಾಗಲಿಲ್ಲ. ಮಿಕ್ಸಿ ಬಂದ ಮೇಲೆ ಅಟ್ಟ ಸೇರಿದ್ದ ಸಣ್ಣ ಒರಳುಕಲ್ಲು ತಂಗಿಗೆ ನೆನಪಾಯಿತು. "ಅಣ್ಣಾ, ಅದ್ರಾಗೆ ಬೆಳ್ಳುಳ್ಳಿ ಜಜ್ಜಿದ್ದೈತಿ, ಪರವಾಗಿಲ್ವಾ?" ಎಂದಳು. ಕೇಳಿದ್ದು ಒಳ್ಳೆಯದಾಯಿತು. ಈರುಳ್ಳಿ, ಬೆಳ್ಳುಳ್ಳಿ ಮೊಲಕ್ಕೆ ಆಗದ ವಸ್ತುಗಳು. ಬಿಸಿನೀರು ಹಾಕಿ ನಾರಿನಿಂದ ಉಜ್ಜಿ, ವಾಸನೆ ಹೋಗುವ ತನಕ ಎರಡು ದಿನ ನೆನೆಯಿಟ್ಟು ಕೊಟ್ಟೆವು. ಒಳಗೆ ಹಸಿರು ಪಾಚಿ ಕಟ್ಟದಂತೆ ದಿನಾ ಉಜ್ಜುವ ಕೆಲಸ ಹುಡುಗನದು.

ಮೊದಲ ದಿನ ಮೊಲ ಕಲ್ಲಿನ ಅಂಚಿಗೆ ಹಲ್ಲು ಹಾಕಿ ನೋಡಿತು, ಆಮೇಲೆ ಮೂಗಿನಿಂದ ನೂಕಿತು, ಕೊನೆಗೆ ಬೆನ್ನು ತಿರುಗಿಸಿ ಕೂತಿತು. ಉಳಿದೆರಡು ಪರೀಕ್ಷೆಗಳ ದಿನವೂ ಅಳಿಯ ಬಂದವನೇ ಗೂಡಿಗೇ ಓಡಿದನಂತೆ. ಎರಡೂ ದಿನ ಒರಳಲ್ಲಿ ಕಾಲು ಭಾಗ ನೀರು ಉಳಿದಿತ್ತು.